ಅಂಗಳದ ಕಾರು

"ಮೊದ್ಲು ಆ ಕಾರು ತೆಗೀರಿ, ಹಪ್ಪಳ ಒಣಗ್ಸುಕೆ ಅಂಗಳದಲ್ಲಿ ಜಾಗ ಇಲ್ಲ." ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ನಾಳೆ ತೆಗೀತೇನೆ ಅಂದೆ. ನಾಳೆಗೆ ಅವಳೇ ಇರಲಿಲ್ಲ.

ನಾನು ಯಲ್ಲಾಪುರದಲ್ಲಿ ಲಾರಿ ರಿಪೇರಿ ಮಾಡುವವ. ಅದು ಘಾಟಿಯಲ್ಲಿ ಉರುಳಿ ಬಿದ್ದ ಕೆಂಪು ಸ್ಪೋರ್ಟ್ಸ್ ಕಾರು. ಅದರ ಯಜಮಾನ ಬೇಡ ಅಂದ ಮೇಲೆ ನಾನು ತಂದು ಹಾಕಿಕೊಂಡಿದ್ದೆ.

"ಹಗ್ಗ ಕಟ್ಟಿ ಎಳ್ದು ಗುಜರಿಗೆ ಹಾಕ್ವ" ಅಂದ ನೆರೆಮನೆಯ ಲಾರಿ ಡ್ರೈವರ್ ಕರೀಂಸಾಬ. ನಾನು ಒಪ್ಪಲಿಲ್ಲ. ಅವಳನ್ನು ಹೊತ್ತುಕೊಂಡು ಹೋಗಿದ್ದಾಯಿತು, ಇದಾದರೂ ತನ್ನ ಕಾಲ ಮೇಲೆ ಹೋಗಲಿ ಅನಿಸಿತು.

ಚಾಸಿಸ್ ಬಡಿದು ನೇರ ಮಾಡಿದೆ. ತಳಕ್ಕೆ ಹೊಸ ತಗಡು ಬೆಸೆದೆ. ಎಂಜಿನ್ ಪೂರಾ ಬಿಚ್ಚಿ ಜೋಡಿಸಿದೆ. ಮಳೆಗಾಲ ಕಳೆದ ಮೇಲೆ ಒಂದು ದಿನ ಸ್ಟಾರ್ಟ್ ಆಯಿತು.

ಕರೀಂಸಾಬನನ್ನು ಕೂರಿಸಿಕೊಂಡು ಪೇಟೆಗೆ ಹೊರಟೆ. ಕಾರಿನ ಹೊಟ್ಟೆ ಬಹಳ ತಗ್ಗು. ಹಂಪ್ ಬಂದಾಗಲೆಲ್ಲ ಭಾರ ಇಳಿಸಲು ಅವನು ಇಳಿಯಬೇಕು, ದಾಟಿದ ಮೇಲೆ ಹತ್ತಬೇಕು. ಕಡೆಗೆ ಅವನು ಹತ್ತುವುದನ್ನೇ ಬಿಟ್ಟ. "ನೀ ನಿಧಾನ ಬಾ ಮಾರಾಯ, ನಾ ಬಸ್‌ಸ್ಟ್ಯಾಂಡಲ್ಲಿ ಚಾ ಹೇಳಿರ್ತೆ" ಅಂದು ನಡೆದೇ ಹೋದ. ನಾನು ಮುಟ್ಟುವಾಗ ಚಾ ತಣಿದಿತ್ತು.

ಸಂಜೆ ವಾಪಸು ಬಂದು ಕಾರನ್ನು ಮನೆ ಎದುರಿನ ರಸ್ತೆಯಲ್ಲಿ ಅವನ ಲಾರಿ ಹಿಂದೆ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಅಂಗಳದ ತುಂಬ ಬಿಸಿಲು. ಕಾರು ಬರುವ ಮೊದಲು ಅವಳು ಮಾಡಿಟ್ಟ ಹಪ್ಪಳ ಡಬ್ಬಿಯಲ್ಲಿ ಉಳಿದಿತ್ತು. ಚಾಪೆ ಹಾಸಿ ಒಂದೊಂದಾಗಿ ಹರಡಿದೆ.

"ಒಣಗಿದ್ದನ್ನೇ ಎಂತಕೆ ಒಣಗಿಸ್ತೆ ಮಾರಾಯ?" ಅಂದ ಕರೀಂಸಾಬ.

"ಈಗ ಜಾಗ ಉಂಟಲ್ಲ" ಅಂದು ಕಾಗೆ ಓಡಿಸುತ್ತ ಕೂತೆ.