ಶಾಂತ ಕೂಸು

ನನ್ನ ಮಗ ಹುಟ್ಟಿದಾಗ ಒಂದು ಸಲ ಅತ್ತ, ಆಮೇಲೆ ಮಲಗಿಬಿಟ್ಟ. ಮಸ್ಕಿಯ ಆಸ್ಪತ್ರೆಯ ಆ ಕೋಣೆಗೆ ಬಂದವರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು. "ಎಂಥಾ ಶಾಂತ ಕೂಸು ನೋಡ್ರಿ" ಎಂದು ಅತ್ತೆ ಬೀಗಿದರು. ತೂಕ ಕಡಿಮೆ ಇದೆ, ಬೇಗ ಹಾಲು ಕುಡಿಸಿ ಎಂದು ನರ್ಸ್ ಹೇಳಿ ಹೋಗಿದ್ದಳು.

ಆದರೆ ನಮ್ಮ ಮನೆಯಲ್ಲೊಂದು ಪದ್ಧತಿ. ಕೂಸಿನ ನಾಲಿಗೆಗೆ ಮೊದಲು ಸೋದರತ್ತೆ ಬೆಲ್ಲದ ನೀರು ಮುಟ್ಟಿಸಬೇಕು, ಅಲ್ಲಿಯ ತನಕ ಎದೆಹಾಲು ಕೊಡುವಂತಿಲ್ಲ. ಗುರುಗುಂಟಾದಿಂದ ನನ್ನ ಗಂಡನ ಅಕ್ಕ ಬರಬೇಕು. ಬೆಳಿಗ್ಗೆಯೇ ಹೊರಟವರಿಗೆ ಲಿಂಗಸುಗೂರಿನಲ್ಲಿ ಬಸ್ಸು ತಪ್ಪಿತ್ತು. ಈಗಲೇ ಹಾಲು ಕುಡಿಸುತ್ತೇನೆಂದು ನಾನು ಹಟ ಹಿಡಿದೆ.

"ಇನ್ನೊಂದ್ ತಾಸು ತಡಿ ಬೇ, ಬರಾಕತ್ಯಾಳ. ಹಸಿದಿದ್ರ ಅಳತಿದ್ದಿಲ್ಲೇನು?" ಎಂದರು ಅತ್ತೆ.

ಆ ಮಾತು ನಂಬಿ ನಾನು ಕೂಸನ್ನು ಮತ್ತೆ ಮಗ್ಗುಲಲ್ಲಿ ಮಲಗಿಸಿಕೊಂಡೆ. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ.

ಮಧ್ಯಾಹ್ನ ಅಕ್ಕ ಏದುಸಿರು ಬಿಡುತ್ತ ಬಂದು, ಬೆಲ್ಲದ ನೀರಿನಲ್ಲಿ ಬೆರಳದ್ದಿ ಅವನ ತುಟಿಗೆ ಹಚ್ಚಿದರು. ಕೂಸು ಚೀಪಲಿಲ್ಲ. ನೀರು ಕಟವಾಯಿಯಿಂದ ಇಳಿಯಿತು. ಒಂದು ಕೈ ಮಾತ್ರ ಪಟಪಟನೆ ಅದುರಿತು. ನಾನು ಡಾಕ್ಟರನ್ನು ಕೂಗಿದೆ. ಡಾಕ್ಟರು ಓಡಿ ಬಂದು ಅಂಗಾಲಿಗೆ ಬೆರಳಿನಿಂದ ತಟ್ಟಿದರು, ಕೂಸು ಅಳಲಿಲ್ಲ. ಹಿಮ್ಮಡಿ ಚುಚ್ಚಿ ರಕ್ತ ನೋಡಿದರು.

"ಸಕ್ಕರಿ ಪೂರ್ತಿ ಇಳದೈತ್ರಿ. ಹಿಂಗ ಬಿಟ್ರ ಮಿದುಳಿಗೆ ಪೆಟ್ಟು ಬೀಳತೈತಿ."

ಗ್ಲೂಕೋಸ್ ಹಚ್ಚಿ ಆಂಬುಲೆನ್ಸಿನಲ್ಲಿ ಸಿಂಧನೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಆ ಅಂಗಾಲನ್ನು ನಾನು ತಟ್ಟುತ್ತಲೇ ಇದ್ದೆ. ಹೆದರಿಕೆಗೆ ಅಳು ಕೂಡ ಬರಲಿಲ್ಲ.

ಅಲ್ಲಿಯ ಮಕ್ಕಳ ಡಾಕ್ಟರು ಜೀವ ಉಳಿಸಿದರು. "ಮಿದುಳಿಂದು ಈಗ ಹೇಳಾಕ ಬರಂಗಿಲ್ರೀ" ಎಂದರು. "ಫಿಟ್ಸ್ ಬರತಾವೇನು, ಕತ್ತು ನಿಲ್ಲತೈತೇನು ನೋಡ್ಕೋತ ಇರ್ರಿ. ಎರಡು ವರ್ಷಕ್ಕ ಎರಡು ಮಾತು ಕೂಡಿಸಿ ಆಡಬೇಕು."

ಅಂದಿನಿಂದ ನಾನು ಮಗನನ್ನು ಮುದ್ದಾಡಿದ್ದಕ್ಕಿಂತ ಕಾವಲು ಕಾದದ್ದೇ ಹೆಚ್ಚು. ಫಿಟ್ಸ್ ಬರಲಿಲ್ಲ. ಆದರೆ ಕೂತದ್ದು ತಡ, ನಡೆದದ್ದು ತಡ. ಎರಡು ವರ್ಷ ದಾಟಿದರೂ ಬಾಯಲ್ಲಿ "ಅವ್ವ" ಒಂದೇ. ಯಾರಾದರೂ ಅವನನ್ನು ಶಾಂತ ಎಂದರೆ ನನ್ನ ಮೈ ಉರಿಯುತ್ತಿತ್ತು. ಮಲಗಿ ಸ್ವಲ್ಪ ಹೊತ್ತಾದರೆ ಸಾಕು, ಅಂಗಾಲು ತಟ್ಟಿ ಎಬ್ಬಿಸುತ್ತಿದ್ದೆ. ಅವನು ಅತ್ತರೆ ಜೀವ ಬಂದಂತಾಗುತ್ತಿತ್ತು.

ಮೊನ್ನೆ ಅಕ್ಕ ಬಂದಿದ್ದರು. ಆ ಬಸ್ಸಿನ ಸುದ್ದಿಯನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಮಗ ಉಂಡು ಮಲಗಿದ್ದ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

"ಏನವ್ವಾ, ಇವ ಅಲಗಾಡವಲ್ಲ," ಅಕ್ಕ ಕೂಗಿದರು. ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಅಷ್ಟರಲ್ಲಿ ಅವರೇ ಅವನ ಅಂಗಾಲು ತಟ್ಟುತ್ತಿದ್ದರು, ಒಂದು ಸಲ, ಮತ್ತೊಂದು ಸಲ. ಅವನು ಕಾಲೆಳೆದುಕೊಂಡ. ನಾನೇ ಎಬ್ಬಿಸುತ್ತಿದ್ದೇನೆಂದುಕೊಂಡು ಕಣ್ಣು ತೆರೆಯದೆ ಗೊಣಗಿದ.

"ಅವ್ವಾ, ಬ್ಯಾಡ."

ಅಕ್ಕ ಬಾಯಿಗೆ ಸೆರಗು ಹಿಡಿದು ಅಲ್ಲೇ ಕುಸಿದು ಕೂತರು. ನಾನು ಹಿಟ್ಟಿನ ಬೆರಳು ಮಡಚಿ ಎಣಿಸಿದೆ. ಅವ್ವ, ಒಂದು. ಬ್ಯಾಡ, ಎರಡು.