ಮೊದಲು ಪೆಟ್ರೋಲು, ಆಮೇಲೆ ಸೀಮೆಎಣ್ಣೆ

"ಇದಕ್ಕ ಯಾರ ಕೈ ಹಚ್ಚೀರಿ?"

ಪಡಸಾಲೆಯಿಂದ ಗರ್ಜನೆ ಬಂದಾಗ ನಾನು ಅಡುಗೆಮನೆಯಲ್ಲಿ ನಿಂಬೆಹಣ್ಣು ಹಿಂಡುತ್ತಿದ್ದೆ. ಇಣುಕಿದರೆ, ಕಂಪ್ಯೂಟರು ಏಳಲೊಲ್ಲದೆ ಕಪ್ಪು ಮುಖ ಮಾಡಿಕೊಂಡು ಕೂತಿತ್ತು. ಅದರ ಮುಂದೆ ನನ್ನ ಭಾವ, ಅಂದರೆ ಯಜಮಾನರ ಅಣ್ಣ. ಅವರ ಮುಖವೂ ಅದೇ ಬಣ್ಣ. ಹಿಂಡುವ ಕೈ ತಾನಾಗಿ ನಿಂತಿತು. ಈ ಮಾತನ್ನು ನಾನು ಮೊದಲು ಕೇಳಿದ್ದು ಎಪ್ಪತ್ತರ ದಶಕದಲ್ಲಿ, ಮೋರಟಗಿಯ ನಮ್ಮ ಹೊಲದ ಬಾವಿಯ ಹತ್ತಿರ.

ಆಗ ನಾನು ಬಸವನ ಬಾಗೇವಾಡಿಯಿಂದ ಬಂದ ಹೊಸ ಸೊಸೆ. ನೀರೆತ್ತುವ ಎಂಜಿನ್ನೂ ಅದೇ ವರ್ಷ ಬಂದಿತ್ತು. ಹೆಚ್ಚು ಆರತಿ ಆದದ್ದು ಅದಕ್ಕೇ ಅನ್ನಿ. ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ, ಅಂದರೆ ನಮ್ಮ ಕಡೆಯ ಚಿಮಣಿ ಎಣ್ಣೆಯಲ್ಲಿ, ಓಡುವ ಜಾತಿಯದು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುವಬೇಕು. ಇಲ್ಲದಿದ್ದರೆ ಒಳಗೆ ಸೀಮೆಎಣ್ಣೆ ಉಳಿದು, ಮರುದಿನ ತಣ್ಣಗಿನ ಎಂಜಿನ್ನು ಹೊತ್ತಿಕೊಳ್ಳುವುದಿಲ್ಲ. ಭಾವನಿಗೆ ಪೆಟ್ರೋಲೆಂದರೆ ತೀರ್ಥ, ಹನಿಯೂ ಚೆಲ್ಲಬಾರದು. ಒಂದು ಸಂಜೆ ಸೀಮೆಎಣ್ಣೆಯಲ್ಲೇ ನಿಲ್ಲಿಸಿ ಮೀಸೆ ತಿರುವುತ್ತ ಮನೆಗೆ ಬಂದರು.

ಅದೇ ಸಂಜೆ ನಾನು, ಮುಟ್ಟಾಗಿ ಹೊರಗಿದ್ದವಳು, ಎಂಜಿನ್ನಿನ ಧೂಳು ಒರೆಸಿದ್ದೆ. ತವರಿನವರು ನಿಂಬೆಗೆ ಹೆಸರಾದ ಇಂಡಿ ಊರಿನಿಂದ ತರಿಸಿಕೊಟ್ಟ ನಿಂಬೆ ಸಸಿಗಳಿಗೆ ಅದರದೇ ನೀರು. ಒರೆಸುವುದು ಕೃತಜ್ಞತೆ ಅಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಗಂಡಸರೆಲ್ಲ ಎಂಜಿನ್ನು ಹೊತ್ತಿಸುವ ಹಗ್ಗ ಎಳೆದೆಳೆದು ಸುಸ್ತಾದರು. ಆಗ ಹುಟ್ಟಿತು ಭಾವನ ಆ ಪ್ರಶ್ನೆ.

"ನಾ ಧೂಳ ಒರಸೇನ್ರಿ," ಅಂದೆ.

"ನೋಡ್ರಿ! ಹೊರಗಾದಾಕಿ ಮುಟ್ಟ್ಯಾಳ. ಮಷೀನ್ ಮೈಲಿಗಿ ಆಗೈತಿ!"

"ಕೊರಳಾಗ ಲಿಂಗ ಐತ್ರಿ ಭಾವಾರ. ಲಿಂಗಕ್ಕ ತಟ್ಟದ ಮೈಲಿಗಿ ಕಬ್ಬಿಣಕ್ಕ ತಟ್ಟತೈತೇನ್ರಿ? ಪಂಪ್ ಸ್ಟೋವಿಗೂ ಮೊದಲ ಸ್ಪಿರಿಟ್ ಹಾಕಿ ಕಾಸ್ತೀವಿ, ಆಮ್ಯಾಲ ಚಿಮಣಿ ಎಣ್ಣಿ. ನಿನ್ನೆ ಯಾವುದರ ಮ್ಯಾಲ ನಿಲ್ಲಿಸಿದ್ರಿ?"

"ಒಲಿ ಶಾಣ್ಯಾತನ ಒಲಿ ಮುಂದ ಇರ್ಲಿ, ಸಣ್ಣಾಕಿ!"

ಕಾಯಿ ಒಡೆದರು, ವಿಭೂತಿ ಬಳಿದರು. ವಿಭೂತಿ ಹಚ್ಚಿಕೊಂಡ ಎಂಜಿನ್ನು ಮಠದ ಸ್ವಾಮಿಗಳ ಹಾಗೆ ಗಂಭೀರವಾಗಿ ಕೂತಿತೇ ಹೊರತು ಕೆಮ್ಮಲೂ ಇಲ್ಲ. ಕಡೆಗೆ ಗಾಡಿ ಹೂಡಿ ಸಿಂದಗಿಯ ಮೇಸ್ತ್ರಿಯ ಬಳಿಗೆ ಸಾಗಿಸಿದರು. ಅದು ಮರಳುವಷ್ಟರಲ್ಲಿ ಸಸಿಗಳು ಒಣಗಿದ್ದವು. ಪಾತ್ರೆ ತೊಳೆದ ನೀರು ಹೊತ್ತು ನಾನು ಉಳಿಸಿಕೊಂಡದ್ದು ಒಂದು. ಶಿವ ದೊಡ್ಡವ, ಒಂದಾದರೂ ಬಿಟ್ಟ. ಆದರೆ ಎಂಜಿನ್ ಕೋಣೆಯ ಹೊಸ್ತಿಲು ನನಗೆ ಮುಚ್ಚಿತು. ಮದುವೆ, ಸೀಮಂತ, ಎಲ್ಲಿ ನಾಲ್ಕು ಜನ ಸೇರಿದರೂ "ನಮ್ಮ ಸಣ್ಣಾಕಿ ಮುಟ್ಟಿ ಎಂಜಿನ್ ಕೆಡಿಸಿದ್ಲು" ಎಂಬುದು ಭಾವನ ತಪ್ಪದ ಕಥೆ. ಎಂಜಿನ್ನು ಗುಜರಿಗೆ ಹೋಯಿತು, ಕಥೆ ಹೋಗಲಿಲ್ಲ.

"ನಿನ್ನೆ ನೀನ ಮುಟ್ಟಿದ್ದಿ," ಇವತ್ತು ಭಾವ ನನ್ನ ಮಗಳು ಗೌರಿಯ ಕಡೆ ಬೆರಳು ತೋರಿಸಿದರು. "ಸಿಂದಗಿಗೆ ಒಯ್ಯಬೇಕು."

ಇವರಿಗೆ ಸಿಂದಗಿ ಬಿಟ್ಟರೆ ಬೇರೆ ಕೈಲಾಸವಿಲ್ಲ!

ಗೌರಿ ಕಂಪ್ಯೂಟರಿನ ಹೊಟ್ಟೆಯೊಳಗಿನ ಒಂದು ಪಟ್ಟಿಯನ್ನು ಪರದೆಯ ಮೇಲೆ ತೆರೆದಳು. ಸ್ವಿಚ್ ಒತ್ತಿದ ಕೂಡಲೇ, ತಾನು ಏಳಲು ಬೇಕಾದ್ದನ್ನು ಮೊದಲು ಎಲ್ಲಿ ಹುಡುಕಬೇಕು, ಆಮೇಲೆ ಎಲ್ಲಿ ಎಂಬ ಸರದಿ ಅದರಲ್ಲಿತ್ತು. "ದೊಡ್ಡಪ್ಪಾ, ಭಜನಿ ಪೆನ್‌ಡ್ರೈವ್ ಚುಚ್ಚಿ ಬಿಟ್ಟಾವ್ರು ನೀವ. ಇದು ಮೊದಲ ಅಲ್ಲೆ ಹುಡುಕತೈತಿ. ಭಜನಿ ಕೇಳಿ ಏಳಾಕ ಇದೇನ ದೇವರೇನ್ರಿ?"

ಪೆನ್‌ಡ್ರೈವ್ ಕಿತ್ತು, ಸರದಿಯಲ್ಲಿ ಒಳಗಿನ ಡಿಸ್ಕನ್ನು ಮೇಲಕ್ಕೇರಿಸಿದಳು. ಕಂಪ್ಯೂಟರು ಎದ್ದಿತು. ಭಾವ ಪೆನ್‌ಡ್ರೈವ್ ಎತ್ತಿ ಜೇಬಿಗಿಳಿಸಿದರು.

"ಆ ಎಂಜಿನ್ನೂ ಹಿಂಗ ಕೆಟ್ಟಿತ್ತು," ಅಂದರು ಮೆಲ್ಲಗೆ.

"ಕೆಟ್ಟಿರಲಿಲ್ರಿ ಭಾವಾರ. ಚಿಮಣಿ ಎಣ್ಣಿ ಮ್ಯಾಲ ನಿಲ್ಲಿಸಿದ್ರಿ."

"...ಹೌದವಾ."

ಮಗಳ ಎದುರಿಗೆ ಅಂದರು; ಸಂಜೆ ಪೂಜೆಯಲ್ಲಿ ನಾನು ಎಣಿಸುವ ಶಿವನ ಉಪಕಾರಗಳ ಸಾಲಿಗೆ ಇದೂ ಸೇರಲಿ. ಶರಬತ್ತಿನ ಲೋಟ ಕೊಟ್ಟೆ. ಉಳಿದ ಆ ಒಂದೇ ಗಿಡದ ಹಣ್ಣು.

ಒಂದು ಗುಟುಕಿಗೇ ಮುಖ ಕಿವುಚಿದರು. "ಭಾಳ ಹುಳಿ ಆಗೈತಿ."

"ಇರ್ಲಿ, ಕುಡೀರಿ," ಅಂದೆ. ಸಕ್ಕರೆ ಡಬ್ಬಿ ಕೈಯಲ್ಲೇ ಇತ್ತು.