ರೇಷ್ಮೆ ಹಾಸಿನ ಅಡಿಯಲ್ಲಿ ನುಸುಳಿದ್ದು

ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಕಾಫಿ ಸೋಸಿದೆ. ಅತ್ತೆಯವರ ಪೂಜೆಗೆ ಬಿಲ್ವಪತ್ರೆ ಬಿಡಿಸಿಟ್ಟೆ. ಬೆಟ್ಟಕ್ಕೆ ಹೋಗುವ ಮೊದಲ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಯಜಮಾನರು ಅಂಗಡಿ ತೆರೆಯಲು ಹೊರಟರು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿದ್ದನ್ನು ಅವರಿಬ್ಬರೂ ಹೇಳಲಿಲ್ಲ, ನಾನು ತಿಂದಾಗ ತಿಳಿಯಿತು.

ಅಷ್ಟು ಗಲಿಬಿಲಿಗೆ ಕಾರಣವಿತ್ತು. ನಮ್ಮ ಕೊಳ್ಳೇಗಾಲದಲ್ಲಿ ಹೊಸದಾಗಿ ಶುರುವಾಗಿದ್ದ ಪುಟ್ಟ ಶಾಲೆಯೊಂದಕ್ಕೆ ಇಂಗ್ಲಿಷ್ ಕಲಿಸುವವರು ಬೇಕಿತ್ತು. ಹಿಂದಿನ ದಿನ ಗುಡಿಯ ಹತ್ತಿರ ಸಿಕ್ಕಿದ್ದ ಹೆಡ್‌ಮಿಸ್ಸು, "ನಾಳೆ ಒಂಬತ್ತಕ್ಕೆ ಬಂದು ಕಾಣಿ" ಎಂದಿದ್ದರು. ನಮ್ಮ ಮನೆಯ ಸೊಸೆಯರು ಯಾರೂ ಕೆಲಸಕ್ಕೆ ಹೋದವರಲ್ಲ. ನಾನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

"ಪೋಸ್ಟಾಫೀಸಿಗೆ ಹೋಗಿ ಕಾರ್ಡು ತರ್ತೀನಿ ಅತ್ತೆ" ಎಂದೆ.

"ಬಿಸ್ಲೇರೋದ್ರೊಳ್ಗೆ ಬಂದ್ಬುಡವ್ವ" ಎಂದರು ಅವರು, ತಲೆಯೆತ್ತದೆ.

ನಾನು ಹುಟ್ಟಿದ್ದೂ ಇದೇ ಊರಲ್ಲಿ, ನನ್ನನ್ನು ಕೊಟ್ಟಿದ್ದೂ ಇದೇ ಊರಿಗೆ. ನಡುವಿನ ಆರು ವರ್ಷ ಮಾತ್ರ ಮೈಸೂರಿನ ಕಾನ್ವೆಂಟು. ತಿರುಗಿ ಬಂದ ಮೇಲೆ ಒಂದು ವಿಷಯ ಕಣ್ಣಿಗೆ ಬೀಳತೊಡಗಿತ್ತು: ಗಂಡಸರು ಊರಲ್ಲಿ ಎಲ್ಲಿ ಬೇಕಾದರೂ ಸುಮ್ಮನೆ ನಿಲ್ಲುತ್ತಿದ್ದರು. ಬಸ್‌ಸ್ಟ್ಯಾಂಡಿನ ಕಟ್ಟೆ, ಹೋಟೆಲಿನ ಮೆಟ್ಟಿಲು, ರೇಷ್ಮೆಗೂಡಿನ ಮಾರ್ಕೆಟ್ಟಿನ ಬಾಗಿಲು, ಎಲ್ಲ ಅವರದೇ. ಹೆಂಗಸು ನಿಂತರೆ ಕೈಯಲ್ಲಿ ಕೊಡವೋ ಹೂವಿನ ಬುಟ್ಟಿಯೋ ಇರಬೇಕು. ನಾನೂ ಖಾಲಿ ಬಟ್ಟೆಚೀಲವೊಂದನ್ನು ಹಿಡಿದೇ ಹೊರಟೆ.

ಪೋಸ್ಟಾಫೀಸಿನ ಎದುರಿಗೇ ಹಾದುಹೋದೆ, ಒಳಗೆ ಹೋಗಲಿಲ್ಲ. ಊರು ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಐದಾರು ವರ್ಷ ಕಳೆದಿದ್ದರೂ, ಪಕ್ಕದ ಗೋಡೆಯ ಕನ್ನಡ ಅಕ್ಷರಗಳ ನಡುವೆ ಹಳೆಯ ತಮಿಳು ಅಕ್ಷರಗಳು ಸುಣ್ಣದೊಳಗಿಂದ ಇಣುಕುತ್ತಿದ್ದವು. ಇನ್ನು ನೇಕಾರರ ಬೀದಿ ದಾಟಿದರೆ ಶಾಲೆಯ ಓಣಿ.

ಬೀದಿಯುದ್ದಕ್ಕೂ ಹಾಸು ಕಟ್ಟಿದ್ದರು. ಮಗ್ಗಕ್ಕೆ ಏರಿಸುವ ಮೊದಲು ರೇಷ್ಮೆಯ ಉದ್ದೆಳೆಗಳನ್ನೆಲ್ಲ ಸೊಂಟದೆತ್ತರಕ್ಕೆ ಎಳೆದು ಕಟ್ಟಿ, ಗಂಜಿ ಬಳಿದು, ಬಿಸಿಲು ಬಲಿಯುವ ಮುನ್ನ ಒಣಗಿಸಬೇಕು. ಅಷ್ಟು ಹೊತ್ತು ಬೀದಿ ಅವರದು. ಆಚೆ ಹೋಗಬೇಕಾದವರು ತುದಿಯವರೆಗೂ ನಡೆದು ಸುತ್ತಿ ಬರಬೇಕು, ಗಾಡಿಯವರೂ ಕೂಡ. ಊರಿನ ಮಕ್ಕಳಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಆದರೆ ಒಂಬತ್ತಾಗಲು ಐದೇ ನಿಮಿಷವಿತ್ತು. ಸೆರಗು ಸಿಕ್ಕಿಸಿ, ಬಗ್ಗಿ, ಅಡಿಯಲ್ಲಿ ನುಸುಳಿದೆ.

ಮುಡಿಯ ಪಿನ್ನು ಎಳೆಗಳಿಗೆ ಸಿಕ್ಕಿತು. ಪಟಪಟನೆ ಸಣ್ಣ ಸದ್ದು.

"ಅಯ್ಯೋ ಶಿವ್ನೇ! ಅಲ್ಲಾಡ್ಬ್ಯಾಡಿ, ಅಂಗೇ ಇರಿ!" ಎಂದು ಓಡಿ ಬಂದವರು ನಮ್ಮ ಪಕ್ಕದ ಮನೆಯಾಕೆ. ಅದು ಅವರ ತವರಿನವರ ಹಾಸು. ಗಂಜಿ ಬಳಿಯಲು ಬಂದಿದ್ದರು.

ಆ ಕೊನೆಯಿಂದ ಮುದುಕರೊಬ್ಬರು ಕೂಗಿದರು: "ಎಮ್ಮೆನೂ ಸುತ್ತಾಕಂಡ್ ಓಯ್ತದೆ ಕಣವ್ವ! ಕಾನ್ವೆಂಟ್ ಓದಿರೋರ್ಗೆ ಆಗ್ನಿಲ್ವಾ?"

ಬೀದಿಗೆ ಬೀದಿಯೇ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ಹನ್ನೊಂದು ಎಳೆ ಕಡಿದಿತ್ತು. ಆಕೆ ಬೈಯಲಿಲ್ಲ, ಎಳೆ ಜಾರದಂತೆ ನನ್ನ ಬೆರಳುಗಳಿಗೂ ಬೂದಿ ಹಚ್ಚಿದರು. ನಾನು ತುದಿ ಹಿಡಿಯಬೇಕು, ಅವರು ಹೊಸೆದು ಕೂಡಿಸಬೇಕು. ಕೂದಲಿಗಿಂತ ಸಣ್ಣ ಎಳೆ.

"ಎಲ್ಗವ್ವಾ ಈ ಪಾಟಿ ಅರ್ಜೆಂಟು?"

ಅವರ ನೂಲು ಕಡಿದು, ಅವರೆದುರೇ ನಿಂತು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಶಾಲೆ, ಕೆಲಸ, ಎಲ್ಲ ಹೇಳಿಬಿಟ್ಟೆ. ಆಕೆ "ಊಂ" ಎಂದು ಮುಂದಿನ ಎಳೆ ಹುಡುಕಿದರು.

ಶಾಲೆ ಸೇರಿದಾಗ ಅರ್ಧ ಗಂಟೆ ತಡ. ಹೆಡ್‌ಮಿಸ್ಸು ನನ್ನ ಬೂದಿ ಬೆರಳುಗಳನ್ನು ನೋಡಿದರು, ಗಡಿಯಾರ ನೋಡಿದರು. ಒಂದು ಪುಟ ಓದಿಸಿದರು. ಆಮೇಲೆ, "ನಾಳೆಯಿಂದಲೇ ಬನ್ನಿ. ನಾಳೆ ಬರದಿದ್ದರೆ ಇನ್ನೊಬ್ಬರಿಗೆ ಹೇಳುತ್ತೇನೆ. ಮನೆಯಲ್ಲಿ ಒಪ್ಪಿದ್ದಾರೆ ತಾನೇ?" ಎಂದರು.

"ಒಪ್ಪಿದ್ದಾರೆ" ಎಂದೆ. ವಾಪಸು ಬರುವಾಗ ಹಾಸನ್ನು ಸುತ್ತಿಯೇ ಬಂದೆ; ಪಕ್ಕದ ಮನೆಯಾಕೆ ಕೇಳಿದ್ದಕ್ಕೆ, ನಾಳೆಯಿಂದಲೇ ಹೋಗಬೇಕು, ಮನೆಯಲ್ಲಿ ಇನ್ನೂ ಹೇಳಿಲ್ಲ ಎಂದೆ.

ಆ ಮಧ್ಯಾಹ್ನ ಒಂದು ಕಡೆ ಕೂರಲಾಗಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ. ರೇಷ್ಮೆ ಬಿಚ್ಚುವ ಷೆಡ್ಡುಗಳಿಂದ ಬೆಂದ ಗೂಡಿನ ವಾಸನೆ ಬರುತ್ತಿತ್ತು; ಹುಟ್ಟಿದಾಗಿನಿಂದ ಕುಡಿದ ಗಾಳಿ, ಅಂದು ಉಸಿರು ಕಟ್ಟಿಸಿತು. ಅತ್ತೆಗೆ ಎಲೆ ಹಾಕುವಾಗ ಹೇಳೋಣವೆಂದುಕೊಂಡೆ. ಅವರು ಎದ್ದ ಮೇಲೆ, ಕಾಫಿ ಕೊಡುವಾಗ, ದೀಪ ಹಚ್ಚಿದ ಮೇಲೆ. ಪ್ರತಿ ಸಲವೂ ಮಾತು ಗಂಟಲವರೆಗೆ ಬಂದು, "ಇನ್ನೊಂದಿಷ್ಟು ಹಾಕ್ಲಾ ಅತ್ತೆ?" ಎಂದು ಹೊರಬೀಳುತ್ತಿತ್ತು. ಕಾರ್ಡು ಎಲ್ಲಿ ಎಂದು ಅವರು ಕೇಳಲೂ ಇಲ್ಲ. ಕೇಳಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಯಜಮಾನರು ಬಂದರು. ತಾಯಿಮಗ ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸತೊಡಗಿದರು. ನಾನು ಬಾಗಿಲಿನ ಚೌಕಟ್ಟು ಹಿಡಿದು ನಿಂತೆ. ಈಗ ಹೇಳಬೇಕು, ಇಲ್ಲವೇ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಲೋಟ ಹಿಡಿದು ಬಂದರು, ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರಿಗೆ. ಕೊಟ್ಟೆ. ಏನೂ ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಆಕೆ ಲೋಟದೊಳಗೇ ನೋಡುತ್ತಾ ಮೆಟ್ಟಿಲಿಳಿದರು. ಅಲ್ಲಿಂದಲೇ, ತಿರುಗದೆ, ಅತ್ತೆಗೆ ಹೇಳಿದರು:

"ಅಮ್ಮಾರೇ, ನಿಮ್ ಸೊಸೆ ನಾಳಿಂದ ಇಸ್ಕೂಲ್ಗೋಯ್ತಾರಲ್ಲ, ನಮ್ಮೈಕ್ಳನ್ನೂ ಜೊತೇಲೇ ಕರ್ಕಂಡೋಗಕ್ಕೇಳಿ. ನಂಗೊಂದ್ ಓಡಾಟ ತಪ್ತದೆ."